ಪಾಳಿಯಲ್ಲಿ ಮೂವತ್ತೊಂಬತ್ತನೆಯ ಮುಚ್ಚಳ

“ಕೈ ತಗೀರಿ!”

ಒಂಬತ್ತನೆಯ ತರಗತಿ ಒಮ್ಮೆಲೇ ಗಪ್ಪಾಯಿತು.

ಆ ದನಿ ತನ್ನದೇ ಎಂದು ವಂದನಾಳಿಗೇ ನಂಬಲಾಗಲಿಲ್ಲ. ಕನ್ನಡ ಪಾಠ ಹೇಳುವಾಗ ಎರಡನೆಯ ಬೆಂಚು ದಾಟದ ದನಿ ಅದು. ಸ್ಟಾಫ್ ರೂಮಿನಲ್ಲಿ ಚಹಾ ಬೇಕು ಅನ್ನುವುದಕ್ಕೂ ಹಿಂಜರಿಯುವ ದನಿ. ಈಗ ಕಿಟಕಿಯ ಗಾಜಿಗೆ ಬಡಿದು ವಾಪಸು ಬಂದಿತ್ತು!

ಎದುರಿಗೆ ನಿಂತಿದ್ದ ಅಪರಿಚಿತ ಯುವಕನ ಮುಷ್ಟಿ ತುಂಬ ಬಣ್ಣಬಣ್ಣದ ಬಾಟಲಿ ಮುಚ್ಚಳಗಳು. ಅವನ ಕೈ ಕಸದ ಬುಟ್ಟಿಯ ಮೇಲೆ ಹಾಗೇ ನಿಂತುಬಿಟ್ಟಿತು.

“ಸಾರಿ ಮ್ಯಾಮ್... ಮಾಡೆಲ್ ಮೇಲೆ ಬಿದ್ದಿತ್ತು. ನಾನು... ಕಚರಾ ಅಂದ್ಕೊಂಡೆ.”

“ಕಚರಾ?” ವಂದನಾಳ ಕೆನ್ನೆ ಕೆಂಪಾಯಿತು. “ಅವು ನಮ್ಮ ಚಾಳಿನ ಮಂದಿ ಅದಾವರೀ! ಮೂವತ್ತೆಂಟು ಮನಿ. ಮುಷ್ಟ್ಯಾಗ ಹಿಡಕೊಂಡು ನಿಂತೀರಿ ನೀವು!”

ಅವನು ಬೆಚ್ಚಿ ಅಂಗೈ ನೋಡಿಕೊಂಡ. ನಿಜವಾಗಿಯೂ ಅಲ್ಲಿ ಯಾರಾದರೂ ಉಸಿರಾಡುತ್ತಿದ್ದಾರೇನೋ ಎಂಬಂತೆ ಮೆಲ್ಲಗೆ ಬೆರಳು ಬಿಡಿಸಿದ.

ಮುಂದಿನ ಬೆಂಚಿನ ಅಪ್ಪಿ ಎದ್ದು ನಿಂತಳು. ಆ ಹುಡುಗಿಗೆ ಹೆದರಿಕೆ ಅನ್ನುವುದೇ ಗೊತ್ತಿಲ್ಲ. “ಸರ್, ನಮ್ಮ ಬಾವಡಿ ಚಾಳಿನಾಗ ನಳ ಒಂದ. ಮುಂಜಾನೆ ಐದು ನಲ್ವತ್ತಕ್ಕ ನೀರು ಬರ್ತಾವ, ನಲ್ವತ್ತು ಮಿನಿಟು ಅಷ್ಟ. ಅದಕ್ಕ ಮಂದಿ ನಿಲ್ಲಂಗಿಲ್ಲ, ಕೊಡ ನಿಲ್ತಾವ. ಒಬ್ಬೊಬ್ರದು ಒಂದೊಂದು ಮುಚ್ಚಳ. ಇದು ಪಾಳಿ ಸರ್!”

“ಪಾಳಿ ಅಂದ್ರೆ... ನಂಬರ್?”

“ಹಾಂ, ಲೈನ್!”

ಚಾಳಿನ ಸಾಲುಮನೆಗಳನ್ನು ಮಕ್ಕಳು ರಟ್ಟಿನಲ್ಲಿ ಕಟ್ಟಿದ್ದ ಆ ಮಾಡೆಲ್ಲಿನ ಮುಂದೆ ಅವನು ಮೊಣಕಾಲೂರಿ ಕುಳಿತ. “ಫಸ್ಟ್ ಯಾರು? ಹೇಳು, ವಾಪಸ್ ಇಡ್ತೀನಿ.”

“ರಾಚವ್ವಾಯಿ. ತಾಮ್ರದ ಬಣ್ಣದ್ದು.”

ಅದು ವಂದನಾಳ ಅಜ್ಜಿ, ಚಾಳಿಗೆಲ್ಲ ಆಯಿ. ವಿಜಯಪುರದಿಂದ ಬಂದು ನಲವತ್ತು ವರ್ಷ ಆ ಚಾಳಿನಲ್ಲಿ ಬಾಳಿದವಳು, ನಲವತ್ತು ವರ್ಷವೂ ಪಾಳಿಯಲ್ಲಿ ಮೊದಲನೆಯ ನಂಬರು ಬಿಟ್ಟುಕೊಡದವಳು.

ಅಪ್ಪಿ ಹೇಳುತ್ತ ಹೋದಳು. ಅವನು ಒಂದೊಂದೇ ಮುಚ್ಚಳವನ್ನು ಅದರ ಜಾಗದಲ್ಲಿ ಇಡುತ್ತ ಹೋದ. ಇಡೀ ಪಿರಿಯಡ್ಡು ಅದರಲ್ಲೇ ಕಳೆಯಿತು. ಒಮ್ಮೆಯೂ ಗಡಿಯಾರ ನೋಡಲಿಲ್ಲ, ಒಮ್ಮೆಯೂ ನಗಲಿಲ್ಲ.

‘ಯಾರಪ್ಪ ಈತ...’

ಹೆಡ್‌ಮಾಸ್ಟರ್ ಸೀತಾರಾಮ ಸರ್ ಆಮೇಲೆ ಬಂದು ಪರಿಚಯ ಮಾಡಿಸಿದರು. ಚಿನ್ಮಯ್, ಆರ್ಕಿಟೆಕ್ಟ್. ದಾದರಿನಲ್ಲಿ ಆಫೀಸು, ಮಲಾಡಿನಲ್ಲಿ ಮನೆ. ಹಿರಿಯರು ಮೈಸೂರಿನವರು, ಇವನು ಹುಟ್ಟಿ ಬೆಳೆದದ್ದು ಇಲ್ಲೇ. ಮಕ್ಕಳ ಪ್ರಾಜೆಕ್ಟಿಗೆ ನಕ್ಷೆ ಹೇಳಿಕೊಡಲು ಪ್ರತಿ ಬುಧವಾರ ಬರುತ್ತಾನೆ.

ಆ ರಾತ್ರಿಯ ಡೈರಿಯಲ್ಲಿ ವಂದನಾ ಒಂದೇ ಸಾಲು ಬರೆದಳು. ‘ಇವತ್ತು ನಾನು ಒಬ್ಬರ ಮೇಲೆ ಕೂಗಿದೆ... ಅವರು ಕಿವಿಗೊಟ್ಟು ಕೇಳಿದರು.’

*

ವಿಕ್ರೋಳಿಯ ಆ ಪುಟ್ಟ ಕನ್ನಡ ಶಾಲೆಯಲ್ಲಿ ಬುಧವಾರ ನಾಲ್ಕು ಪಿರಿಯಡ್ಡು ಒಂದಾಗುತ್ತಿದ್ದವು. ಗಣಿತ, ವಿಜ್ಞಾನ, ಸಮಾಜ, ಕನ್ನಡ ಎಲ್ಲವೂ ಸೇರಿ ಒಂದೇ ಕೆಲಸ. ನಾಳೆ ನಾವು ಬಾಳಬೇಕಾದ ಊರನ್ನು ನಾವೇ ಕಟ್ಟುವುದು! ನೀರು ಪೋಲಾಗಬಾರದು, ಕಸ ಹೊರಗೆ ಹೋಗಬಾರದು, ಯಾರನ್ನೂ ಹೊರಗೆ ಹಾಕಬಾರದು.

ಬೇರೆ ಶಾಲೆಗಳ ಮಕ್ಕಳು ಕಾಣದ ಊರನ್ನು ಕಟ್ಟುತ್ತಿದ್ದರು. ಇವರು ಶಾಲೆಯ ಹಿಂದಿನ ತಮ್ಮ ಬಾವಡಿ ಚಾಳನ್ನೇ ಆರಿಸಿಕೊಂಡಿದ್ದರು.

“ಟೀಚರ್, ಛಾವಣಿ ಮ್ಯಾಲಿನ ಮಳಿ ಒಂಬತ್ತು ಲಕ್ಷ ಲೀಟರ್ ಬಂತು!” ಸೃಜನ್ ನೋಟುಬುಕ್ಕು ಎತ್ತಿ ಹಿಡಿದು ಕುಣಿಯುತ್ತಿದ್ದ.

“ಸೋರಿದ್ದು, ಆರಿದ್ದು ಕಳದೀಯೇನು?” ವಂದನಾ ಮೆಲ್ಲಗೆ ಕೇಳಿದಳು.

“...ಏಳು ಲಕ್ಷ.”

“ಏಳಾದ್ರೂ ಸಾಕು. ಅಂಗಳದಲ್ಲಿ ಮುಚ್ಚಿರೋ ಹಳೇ ಬಾವಿ, ನಿಮ್ಮ ಬಾವಡಿ, ಮತ್ತೆ ತೆಗೆದ್ರೆ ಎಲ್ಲ ಅಲ್ಲಿಗೇ ಹೋಗುತ್ತೆ,” ಎಂದ ಚಿನ್ಮಯ್.

ಮಕ್ಕಳ ಊರಿನಲ್ಲಿ ಮನೆಮನೆಗೂ ನಳವಿತ್ತು. ಆದರೂ ಅಂಗಳದ ಹಳೆಯ ನಳದ ಕಟ್ಟೆಯನ್ನೂ ಪಾಳಿಯನ್ನೂ ಅವರು ತೆಗೆದಿರಲಿಲ್ಲ.

“ಮನೇಲೇ ನೀರು ಬಂದ್ರೆ ಪಾಳಿ ಯಾಕೆ?” ಒಂದು ಸಂಜೆ ಚಾಳಿನ ಗ್ಯಾಲರಿಯಲ್ಲಿ ಅಳತೆ ಪಟ್ಟಿ ಸುತ್ತುತ್ತ ಚಿನ್ಮಯ್ ಕೇಳಿದ.

ವಂದನಾ ಕೆಳಗಿನ ನಳದ ಕಟ್ಟೆಯ ಕಡೆ ನೋಡಿದಳು. ಅವನು ಕಾದ. ಅವನ ಆ ಕಾಯುವಿಕೆಯೇ ಅವಳ ಬಾಯಿ ತೆರೆಸುತ್ತಿತ್ತು.

“ಎರಡು ವರ್ಷದ ಹಿಂದ ನಾ ಪರೀಕ್ಷೆಗೆ ಪುಣೆಗೆ ಹೋಗಿದ್ದೆ. ಆಯಿ ಬಚ್ಚಲದಾಗ ಜಾರಿ ಬಿದ್ಲು. ಕೂಗಾಕ ದನಿ ಇಲ್ಲ... ಆದ್ರ ಪಾಳಿಯೊಳಗ ತಾಮ್ರದ ಕೊಡ ಕಾಣಲಿಲ್ಲ. ಐದ ಮಿನಿಟಿನಾಗ ಮೂರು ಮಂದಿ ಬಾಗಲಾ ಬಡದ್ರು. ಕೊಡ ಕಾಣಲಿಲ್ಲಂದ್ರ ಬಾಗಲಾ ಬಡೀಬೇಕು. ಅದು ಇಲ್ಲಿ ಪದ್ಧತಿ.”

ಚಿನ್ಮಯ್ ಅಳತೆ ಪಟ್ಟಿಯನ್ನು ಕೆಳಗಿಟ್ಟ.

“ನಾನು ಹದಿನಾಲ್ಕನೇ ಫ್ಲೋರ್. ಒಬ್ಬನೇ ಇರೋದು. ಪಕ್ಕದ ಮನೆಯವರ ಹೆಸರು ನೇಮ್‌ಪ್ಲೇಟ್ ನೋಡಿ ಗೊತ್ತು, ಅಷ್ಟೇ. ನಾನು ಬಿದ್ರೆ... ಮೇಂಟೆನೆನ್ಸ್ ಕಟ್ಟದಿದ್ದಾಗ ಬಾಗಿಲು ಬಡೀತಾರೇನೋ!”

ಅವನು ನಕ್ಕ. ಅವಳಿಗೆ ನಗು ಬರಲಿಲ್ಲ.

ಒಳಗಿನಿಂದ ರಾಚವ್ವ ಕೂಗಿದಳು. “ಏ ತಮ್ಮಾ, ಮನಿ ಕಟ್ಟಾಂವ ಅಂತಿ, ನಿನ್ನ ಅಂಗಿ ಗುಂಡೀನ ನೆಟ್ಟಗ ಹಚ್ಚಾಕ ಬರಂಗಿಲ್ಲಲ್ಲೋ! ಬಾ ಒಳಗ, ಬಿಸಿ ಝುಣಕಾ ಐತಿ, ರೊಟ್ಟಿ ತಿಂದು ಹೋಗು.”

ಅವನು ಮೂರು ರೊಟ್ಟಿ ತಿಂದ. ಖಾರಕ್ಕೆ ಕಣ್ಣಲ್ಲಿ ನೀರು ಸುರಿದರೂ “ಮಸ್ತ್ ಆಯಿ, ಮಸ್ತ್!” ಎನ್ನುತ್ತಲೇ ಇದ್ದ.

‘ಈ ಬುಧವಾರಗಳು ಮುಗಿಯದೇ ಇರಲಿ...’ ಡೈರಿ ಬರೆಯುತ್ತಿದ್ದ ವಂದನಾಳ ಪೆನ್ನು ಅಲ್ಲಿಗೇ ನಿಂತಿತು. ಮುಂದಿನ ಸಾಲು ಬರೆಯಲು ನಾಚಿಕೆ!

*

ದಾದರಿನ ಅಂತರಶಾಲಾ ಪ್ರದರ್ಶನಕ್ಕೆ ಇನ್ನು ಹತ್ತೇ ದಿನ. ಆ ಬುಧವಾರ ಚಿನ್ಮಯ್ ಕೆಲಸದ ಮೇಲೆ ನಾಶಿಕಕ್ಕೆ ಹೊರಟ. ಹೊರಡುವಾಗ ಸ್ಟಾಫ್ ರೂಮಿಗೆ ಹೋಗಿ ಬಂದದ್ದನ್ನು ಅವಳು ಕಂಡಿದ್ದಳು.

ಶುಕ್ರವಾರ ಸೀತಾರಾಮ ಸರ್ ಅವಳನ್ನು ಕರೆಸಿದರು.

ಅವರ ಟೇಬಲ್ಲಿನ ಹಿಂದೆ ಹೊಸ ಫ್ರೇಮು ತೂಗುತ್ತಿತ್ತು. ಒಳಗೊಂದು ನಕ್ಷೆ. ಇಪ್ಪತ್ತೆರಡು ಮಹಡಿಯ ಗಾಜಿನ ಕಟ್ಟಡಗಳು, ಸುತ್ತ ಎತ್ತರದ ಗೋಡೆ. ಬಾವಡಿ ಇಲ್ಲ. ಗ್ಯಾಲರಿ ಇಲ್ಲ. ನಳದ ಕಟ್ಟೆಯ ಜಾಗದಲ್ಲಿ ಕಾರ್ ಪಾರ್ಕಿಂಗ್. ಕೆಳಗೆ ಬಲಮೂಲೆಯಲ್ಲಿ ಚಿನ್ಮಯ್‌ನ ಸಹಿ!

ಅವಳು ಹತ್ತಿರ ಹೋಗಿ ಆ ಸಹಿಯನ್ನು ಮತ್ತೊಮ್ಮೆ ಓದಿದಳು.

“ಎಷ್ಟು ಭವ್ಯವಾಗಿದೆ ನೋಡಿ! ಸ್ಟಾಫ್ ರೂಮಲ್ಲಿ ಇಟ್ಟು ಹೋಗಿದ್ರು. ಮಾಡೆಲ್ ಮಾಡೋರಿಗೆ ಕೊಟ್ಟಾಯ್ತು. ಪ್ರದರ್ಶನಕ್ಕೆ ಇದೇ ಹೋಗೋದು.”

“ಸರ್... ಮಕ್ಕಳದ್ದು?”

“ಮಕ್ಕಳು ಯೂನಿಫಾರ್ಮ್ ಹಾಕ್ಕೊಂಡು ಪಕ್ಕದಲ್ಲಿ ನಿಲ್ತಾರೆ. ನೋಡಿ ವಂದನಾ ಅವರೇ, ಈ ವರ್ಷ ಒಂದನೇ ಕ್ಲಾಸಿಗೆ ಅಡ್ಮಿಷನ್ ಎಷ್ಟು ಗೊತ್ತಾ? ಹನ್ನೊಂದು! ನಳದ ಮುಂದೆ ಡಬ್ಬ ಇಟ್ಟಿರೋ ಚಾಳು ತೋರಿಸಿದ್ರೆ ಯಾರು ಬರ್ತಾರೆ ಇಲ್ಲಿಗೆ? ಹಾಂ, ಬುಧವಾರದ ನಾಲ್ಕು ಪಿರಿಯಡ್ ಆಟನೂ ಇನ್ನು ಸಾಕು. ಪಾಠ ಶುರು ಮಾಡಿ.”

ಗಂಟಲಲ್ಲಿ ನೂರು ಮಾತುಗಳಿದ್ದವು. ಹೊರಬಂದದ್ದು ಎರಡೇ.

“ಸರಿ ಸರ್.”

ಆ ಎರಡು ಶಬ್ದಗಳಿಗಾಗಿ ಅವಳು ತನ್ನನ್ನೇ ಬೈದುಕೊಂಡಳು. ಅವನನ್ನು ಅದಕ್ಕಿಂತ ಹೆಚ್ಚು ಬೈದಳು. ಸಂಜೆ ಅವನ ಫೋನು ಬಂದಾಗ ಕಟ್ ಮಾಡಿದಳು. ಮರುದಿನವೂ... ಅದರ ಮರುದಿನವೂ. ಮೆಸೇಜುಗಳು ಬಂದು ಬಿದ್ದವು, ಒಂದನ್ನೂ ತೆರೆಯಲಿಲ್ಲ.

‘ಮೊದಲ ದಿನವೇ ಮುಚ್ಚಳಗಳನ್ನು ಬುಟ್ಟಿಗೆ ಹಾಕಲು ಹೊರಟವನಲ್ಲವೇ? ಆವತ್ತು ನಾನು ಕೂಗಿದ್ದಕ್ಕೆ ನಿಂತ. ಈ ಸಲ ನಾನಿಲ್ಲದಾಗ ಹಾಕಿದ!’

ಬುಧವಾರ ಅವಳು ತರಗತಿಗೆ ವಿಷಯ ಹೇಳಿದಳು. ಯಾರೂ ಅಳಲಿಲ್ಲ, ಗಲಾಟೆ ಮಾಡಲಿಲ್ಲ. ಸೃಜನ್ ಎದ್ದು ಬಂದು ಪಾಳಿಯಿಂದ ಒಂದು ಹಸಿರು ಮುಚ್ಚಳ ಎತ್ತಿ ಜೇಬಿಗೆ ಹಾಕಿಕೊಂಡ.

“ಏನದು ಸೃಜನ್?”

“ನಮ್ಮ ಮನಿದು ಟೀಚರ್. ವಾಪಸ್ ಒಯ್ತೀನಿ.”

ಅಪ್ಪಿಯೂ ಬಂದಳು. “ನಾವು ಮಾಡಿದ್ದನ್ನ ಒಯ್ಯೂಣು ಅಂತ ನೀವ ಹೇಳಿದ್ರಿ...” ಎಂದು ತನ್ನ ಮನೆಯ ಕೆಂಪು ಮುಚ್ಚಳ ಕಿತ್ತಳು. ಒಬ್ಬರ ಹಿಂದೆ ಒಬ್ಬರು. ಕಣ್ಣೆದುರೇ ಪಾಳಿ ಖಾಲಿಯಾಗುತ್ತಿತ್ತು.

ಏಳು ಮುಚ್ಚಳ ಹೋಗುವವರೆಗೆ ವಂದನಾ ತಡೆದುಕೊಂಡಳು. ಎಂಟನೆಯದಕ್ಕೆ ಕೈ ಬಂದಾಗ ಡಸ್ಟರನ್ನು ಟೇಬಲ್ಲಿಗೆ ಕುಕ್ಕಿದಳು.

“ಇಡ್ರಿ! ಎಲ್ಲಾರೂ ವಾಪಸ್ ಇಡ್ರಿ. ಪಾಳಿ ಮುರೀಬ್ಯಾಡ್ರಿ! ಶನಿವಾರ ಒಯ್ಯೂಣು.”

“ಹೆಡ್‌ಸರ್ ಬ್ಯಾಡ ಅಂದಾರಲ್ರೀ?”

“ಅವರು ಬ್ಯಾಡ ಅಂದಾರ. ನಾವು ಹೂಂ ಅನ್ನೂಣು.”

*

ಶನಿವಾರ ಬೆಳಿಗ್ಗೆ ಎಂಟರ ಲೋಕಲ್‌ನ ಸಾಮಾನು ಡಬ್ಬಿಗೆ ಒಂದು ಚಾಳು ಹತ್ತಿತು!

ಹಳೆಯ ಬಾಗಿಲ ಹಲಗೆಯ ಮೇಲೆ ಮಾಡೆಲ್ಲು. ಅದಕ್ಕೆ ಹತ್ತು ಕೈಗಳ ಆಸರೆ. ಹಿಂದೆ ನಾಲ್ವರು ತಾಯಂದಿರು, ಮುಂದೆ ದಾರಿ ಬಿಡಿಸುತ್ತ ರಾಚವ್ವ. “ಸರಕಾ, ಸರಕಾ ರೇ! ಮನಿ ಬರಾಕತ್ತಾವ!”

ಮೀನಿನ ಬುಟ್ಟಿಯ ಮುಂದೆ ಕುಳಿತ ಹೆಂಗಸೊಬ್ಬಳು ಇದೇನೆಂದು ಮರಾಠಿಯಲ್ಲಿ ಕೇಳಿದಳು.

“ಆಮಚೀ ಚಾಳ್!” ನಮ್ಮ ಚಾಳು ಎಂದು ಅಪ್ಪಿ ಎದೆಯುಬ್ಬಿಸಿ ಹೇಳಿದಳು.

ಆಕೆ ಮುಚ್ಚಳಗಳ ಸಾಲನ್ನೇ ದಿಟ್ಟಿಸಿದಳು. ಅವಳಿಗೆ ಯಾರೂ ವಿವರಿಸಬೇಕಾಗಲಿಲ್ಲ. “ಹಾ ಪಾಣ್ಯಾಚಾ ನಂಬರ್,” ಇದು ನೀರಿನ ಪಾಳಿ ಎಂದು ನಕ್ಕು ಬುಟ್ಟಿಯನ್ನು ಬದಿಗೆ ಸರಿಸಿದಳು. ಕುರ್ಲಾದಲ್ಲಿ ಜನ ನುಗ್ಗಿದಾಗ ಎರಡೂ ತೋಳು ಚಾಚಿ ಆ ಪುಟ್ಟ ಚಾಳನ್ನು ಕಾದವಳು ಅವಳೇ.

ವಂದನಾ ಹಲಗೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಕೆಲಸ ಹೋದರೆ? ಹೋಗಲಿ... ಇನ್ನೊಮ್ಮೆ ‘ಸರಿ ಸರ್’ ಅನ್ನಲಾರೆ!

ದಾದರಿನ ಸಭಾಂಗಣದಲ್ಲಿ ಶಾಲೆಯ ಟೇಬಲ್ಲಿನ ಮೇಲೆ ಗಾಜಿನ ಕಟ್ಟಡಗಳು ಮಿರಿಮಿರಿ ಮಿಂಚುತ್ತಿದ್ದವು, ಹಿಂದೆ ಆ ಫ್ರೇಮು. ವಂದನಾ ಟೇಬಲ್ಲಿನ ಮುಂದೆ ನೆಲದ ಮೇಲೆ ಬಾವಡಿ ಚಾಳನ್ನು ಇಳಿಸಿದಳು.

“ವಂದನಾ ಅವರೇ! ಏನಿದು? ಯಾರ ಪರ್ಮಿಷನ್?” ಸೀತಾರಾಮ ಸರ್ ಮುಖ ಕೆಂಪೇರಿತ್ತು.

“ಯಾರದೂ ಇಲ್ಲ ಸರ್.”

“ಮೊದಲು ತೆಗೀರಿ ಇದನ್ನ.”

“ತೆಗ್ಯಂಗಿಲ್ಲ ಸರ್. ನಾಚಿಕಿ ಪಡೂವಂಥಾದ್ದು ಇದರಾಗ ಏನೂ ಇಲ್ಲ. ಟೇಬಲ್ ಮ್ಯಾಲಿನದು ಮಕ್ಕಳು ಮಾಡಿದ್ದಲ್ಲ. ಅದಕ್ಕ ನಾಚಿಕಿ ಪಡಬೇಕು.”

ಅಕ್ಕಪಕ್ಕದ ಶಾಲೆಯವರು ತಿರುಗಿ ನೋಡಿದರು. ಆಗಲೇ ಬಾಗಿಲಲ್ಲಿ ಚಿನ್ಮಯ್ ಕಾಣಿಸಿಕೊಂಡ. ಬೆನ್ನಿಗೆ ಬ್ಯಾಗು, ನಾಶಿಕದಿಂದ ನೇರ ಬಂದಿದ್ದ. ಟೇಬಲ್ ನೋಡಿದವನೇ ಹೌಹಾರಿದ.

“ಅಯ್ಯೋ... ಇದನ್ನ ಸಚ್‌ಮುಚ್ ಕಟ್ಟಿಬಿಟ್ರಾ?!”

“ಅಭಿನಂದನೆ,” ಎಂದಳು ವಂದನಾ. “ಈ ಸಲ ನಮ್ಮ ಮಂದಿನ್ನ ಬುಟ್ಟಿಗೆ ಸರಿಯಾಗಿ ಹಾಕಿದ್ರಿ.”

ಅವನು ಫ್ರೇಮಿನ ಕಡೆ ನೋಡಿದ. “ವಂದನಾ... ನೀವು ಹಿಂದುಗಡೆ ಓದಿಲ್ವಾ?”

“ಯಾವ ಹಿಂದ?”

ಅವನು ಫ್ರೇಮನ್ನು ಮಗುಚಿ, ಬೆನ್ನಿಗೆ ಅಂಟಿಸಿದ್ದ ಕಂದು ಹಾಳೆಯನ್ನು ಪರ್ರನೆ ಹರಿದ. ನಕ್ಷೆಯ ಬೆನ್ನ ಮೇಲೆ ಸೊಟ್ಟಸೊಟ್ಟ ಕನ್ನಡ ಅಕ್ಷರಗಳು! ಅಪ್ಪಿ ಕತ್ತು ಚಾಚಿ ಜೋರಾಗಿ ಓದಿದಳು.

“‘ಒಂಬತ್ತನೇ ಕ್ಲಾಸಿಗೆ. ಈ ನಕ್ಷೆಯಲ್ಲಿ ಬೇಕಂತಲೇ ಒಂಬತ್ತು ತಪ್ಪು ಮಾಡಿದೀನಿ. ನಾನು ಬರೋದರಲ್ಲಿ ಹುಡುಕಿ. ಒಂದೊಂದು ತಪ್ಪು ಒಂದೊಂದು ಪಿರಿಯಡ್‌ನಲ್ಲಿ ಸಿಗುತ್ತೆ. ಎಲ್ಲ ಸಿಕ್ಕರೆ ವಡಾಪಾವ್. ಚಿನ್ಮಯ್.’”

ಸೃಜನ್ ಕಿಸಕ್ಕೆಂದ. “ಹೆಡ್‌ಸರ್ ತಪ್ಪಿಗೆ ಫ್ರೇಮ್ ಹಾಕ್ಸ್ಯಾರಲೇ!”

“ಕಾಲೇಜಲ್ಲಿ ನಮ್ಮ ಸರ್ ಹೀಗೇ ಕಲಿಸ್ತಿದ್ರು,” ಚಿನ್ಮಯ್ ಸಣ್ಣ ದನಿಯಲ್ಲಿ ಹೇಳಿದ. “ಸರಿ ಇರೋದನ್ನ ತೋರಿಸಿದ್ರೆ ತಲೆ ಆಡಿಸ್ತಾರೆ. ತಪ್ಪು ತೋರಿಸಿದ್ರೆ ಜಗಳ ಆಡ್ತಾರೆ. ಜಗಳ ಆಡ್ಲಿ ಅಂತಲೇ...”

ಅಷ್ಟರಲ್ಲಿ ತೀರ್ಪುಗಾರರು ಬಂದಿದ್ದರು. ಅವರಲ್ಲಿ ಹಿರಿಯರಾದ ಮಹಿಳೆ ಗಾಜಿನ ಕಟ್ಟಡ ತೋರಿಸಿ, ಇದರ ಮಳೆನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರು. ಸೀತಾರಾಮ ಸರ್ ನಕ್ಷೆಯಲ್ಲಿ ಹುಡುಕತೊಡಗಿದರು.

“ರಸ್ತಾಕ್ಕ ಮ್ಯಾಡಮ್! ಅದ ಮೊದಲನೇ ತಪ್ಪು!” ಸೃಜನ್ ನುಗ್ಗಿಬಿಟ್ಟ.

ಇನ್ನು ಯಾರು ತಡೆದಾರು! ಪಶ್ಚಿಮಕ್ಕೆ ಪೂರಾ ಗಾಜು, ಮೇ ತಿಂಗಳಲ್ಲಿ ಮನೆ ಕಾದ ತವೆ. ಮೆಟ್ಟಿಲು ಒಂದೊಂದೂ ಒಂದಡಿ ಎತ್ತರ, ರಾಚವ್ವಾಯಿ ಹತ್ತಲಾರಳು. ಕಸಕ್ಕೆ ಜಾಗವಿಲ್ಲ. ಗೋಡೆಗೆ ಒಂದೇ ಗೇಟು, ಬೆಂಕಿ ಬಿದ್ದರೆ? ಮಕ್ಕಳು ಬೆರಳು ಮಡಚುತ್ತ ಎಂಟಕ್ಕೆ ಬಂದು ನಿಂತರು. ಒಂಬತ್ತನೆಯದು ಯಾರಿಗೂ ಹೊಳೆಯಲಿಲ್ಲ.

ವಂದನಾ ನಕ್ಷೆಯನ್ನು ನೋಡಿದಳು. ನಳದ ಕಟ್ಟೆಯಿದ್ದ ಜಾಗದ ಪಾರ್ಕಿಂಗನ್ನು ನೋಡಿದಳು. ಕಣ್ಣು ಮಂಜಾಯಿತು.

“ಇಲ್ಲಿ ಯಾರರೆ ಕಾಣಲಿಲ್ಲಂದ್ರ... ಯಾರೂ ಬಾಗಲಾ ಬಡ್ಯಂಗಿಲ್ಲ.”

“ಹೂಂ,” ಎಂದ ಚಿನ್ಮಯ್. “ಅದು ನಿಮ್ಮಿಂದ ಕಲಿತದ್ದು.”

ತೀರ್ಪುಗಾರ್ತಿ ಸೀರೆ ನೆರಿಗೆ ಹಿಡಿದು ನೆಲದ ಮೇಲೆ, ಬಾವಡಿ ಚಾಳಿನ ಮುಂದೆ ಕುಳಿತುಬಿಟ್ಟರು. ಇಪ್ಪತ್ತು ನಿಮಿಷ ಏಳಲಿಲ್ಲ.

ಬಹುಮಾನ ಬರಲಿಲ್ಲ. ಸ್ಪರ್ಧೆಗೆ ಶಾಲೆ ಹೆಸರು ಬರೆಸಿದ್ದು ಗಾಜಿನ ಕಟ್ಟಡದ್ದು, ನಿಯಮ ನಿಯಮವೇ. ಆದರೆ ಸಂಜೆಯವರೆಗೂ ಜನ ನಿಂತದ್ದು ನೆಲದ ಮೇಲಿನ ಚಾಳಿನ ಮುಂದೆ. ಮೂವರು ತಂದೆ-ತಾಯಂದಿರು ಶಾಲೆಯ ವಿಳಾಸ ಕೇಳಿ ಬರೆದುಕೊಂಡರು. ಅದನ್ನು ಸೀತಾರಾಮ ಸರ್ ಕಣ್ಣಾರೆ ಕಂಡರು.

“ಬುಧವಾರದ ಪಿರಿಯಡ್... ಇರಲಿ,” ಅವರು ಗಂಟಲು ಸರಿಮಾಡಿಕೊಂಡರು. “ಆದರೆ ಮುಂದಿನ ಸಲ ಪರ್ಮಿಷನ್ ತಗೊಳ್ಳಿ.”

“ಮುಂದಿನ ಸಲ ನೀವೂ ನಮ್ಮ ಜೋಡಿ ಸಾಮಾನು ಡಬ್ಬ್ಯಾಗ ಬರ್ರಿ ಸರ್.”

ಸರ್ ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ.

*

ಮಾತು ಕೊಟ್ಟಂತೆ ಎಲ್ಲರಿಗೂ ವಡಾಪಾವ್ ಕೊಡಿಸಿ ಚಿನ್ಮಯ್ ಹೊರಟ. ದಾದರಿನ ಸೇತುವೆಯ ಮೇಲೆ ದಾರಿ ಇಬ್ಭಾಗ. ಮಲಾಡಿಗೆ ಆ ಕಡೆ, ವಿಕ್ರೋಳಿಗೆ ಈ ಕಡೆ.

“ಕೇಳಬಹುದಿತ್ತು ವಂದನಾ,” ಎಂದನಷ್ಟೇ. “ಒಂದು ಸಲ ಕೂಗಿದ್ರೂ ಸಾಕಿತ್ತು. ಮೊದಲ ದಿನದ ಥರ.”

ಇಡೀ ಸಭೆಯೆದುರು ಬಂದ ಅವಳ ದನಿ ಅವನೊಬ್ಬನೆದುರು ಬರಲಿಲ್ಲ. ಅವನು ಜನರೊಳಗೆ ಕರಗಿಹೋದ.

ವಾಪಸು ಬರುವ ಲೋಕಲ್‌ನಲ್ಲಿ ಅಪ್ಪಿ ಮುಚ್ಚಳ ಎಣಿಸುತ್ತಿದ್ದಳು. “ಟೀಚರ್! ಮೂವತ್ತೊಂಬತ್ತು ಅದಾವ!”

“ಸರಿಯಾಗಿ ಎಣಸು.”

“ಎರಡು ಸಲ ಎಣಿಸೀನ್ರೀ. ಕಡೀಕೊಂದು ನೀಲಿ ಮುಚ್ಚಳ ಐತಿ. ಯಾರ ಮನೀದಿದು?”

ವಂದನಾ ಬಗ್ಗಿ ನೋಡಿದಳು. ಅಗಲವಾದ ನೀಲಿ ಮುಚ್ಚಳ. ಪ್ರತಿ ಬುಧವಾರ ಅವನ ಬ್ಯಾಗಿನ ಬದಿಯಲ್ಲಿ ಕಾಣುತ್ತಿದ್ದ ಬಾಟಲಿಯದು! ಯಾರನ್ನೂ ಸರಿಸದೆ, ಪಾಳಿಯ ತೀರ ಕೊನೆಯಲ್ಲಿ ಇಟ್ಟಿದ್ದ.

ಅವಳು ಫೋನು ತೆಗೆದು ಮೊದಲ ಸಲ ಆ ಮೆಸೇಜುಗಳನ್ನು ತೆರೆದಳು. ತಪ್ಪು ಎಷ್ಟು ಸಿಕ್ಕವು... ಮಕ್ಕಳು ಏನಂದರು... ಆಯಿ ಹೇಗಿದ್ದಾರೆ... ಕೊನೆಯದು ನಿನ್ನೆಯದು.

‘ಎಂಟು ದಿನದಿಂದ ನಿಮ್ಮ ಕೊಡ ಕಾಣ್ತಿಲ್ಲ. ಆರಾಮ ಇದ್ದೀರಾ? ನಾನು ಯಾರ ಬಾಗಿಲು ಬಡೀಲಿ?’

ಅಳು ಬಂತು, ಒರೆಸಿಕೊಂಡಳು. ಮೂರು ಸಲ ಬರೆದು ಮೂರು ಸಲ ಅಳಿಸಿದಳು. ಕೊನೆಗೆ ಒಂದೇ ಉಸಿರಿಗೆ ಕಳಿಸಿದಳು.

‘ನಾಳೆ ಮುಂಜಾನೆ 5.40ಕ್ಕ ನೀರು ಬರ್ತಾವ. ಪಾಳಿ ಹಚ್ಚಾಕ ಬರ್ರಿ.’

*

ಭಾನುವಾರ. ಇನ್ನೂ ಪೂರ್ತಿ ಬೆಳಕು ಹರಿದಿರಲಿಲ್ಲ. ಬಾವಡಿ ಚಾಳಿನ ನಳದ ಮುಂದೆ ಮೂವತ್ತೆಂಟು ಕೊಡ, ಬಕೀಟು, ಡಬ್ಬಗಳು. ಅವುಗಳ ಹಿಂದೆ ಮುಚ್ಚಳವಿಲ್ಲದ ಒಂದು ಬಾಟಲಿ. ಅದರ ಪಕ್ಕ ಕೆದರಿದ ತಲೆಯ ಚಿನ್ಮಯ್.

“ಮಲಾಡದಾಗ ನೀರು ಬಂದ್ ಆಗ್ಯಾವೇನೋ ತಮ್ಮಾ?” ರಾಚವ್ವ ಗ್ಯಾಲರಿಯಿಂದಲೇ ಕೂಗಿದಳು.

“ಇಪ್ಪತ್ನಾಲ್ಕು ಗಂಟೆ ಬರುತ್ತೆ ಆಯಿ.”

“ಮತ್ತ ಇಲ್ಲಿ ಯಾಕ ನಿಂತಿ?”

ಅವನು ಮೇಲೆ ನೋಡಲಿಲ್ಲ. ಮೆಟ್ಟಿಲಿಳಿದು ಬರುತ್ತಿದ್ದ ವಂದನಾಳನ್ನೇ ನೋಡುತ್ತಿದ್ದ. “ನಾನು ಕಾಣದಿದ್ರೆ ಬಾಗಿಲು ಬಡಿಯೋರು ಒಬ್ಬರು ಬೇಕು. ಅದಕ್ಕೆ.”

ಗ್ಯಾಲರಿ ತುಂಬ ತಲೆಗಳು! ಅಪ್ಪಿ, ಸೃಜನ್, ಅವರ ತಾಯಂದಿರು... ಎಂದಿನ ವಂದನಾ ಆಗಿದ್ದರೆ ಓಡಿಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಅವಳು ನೇರ ಪಾಳಿಯ ಮುಂಭಾಗಕ್ಕೆ ಹೋದಳು. ಮೊದಲನೆಯ ನಂಬರಿನ ತಾಮ್ರದ ಕೊಡ ಎತ್ತಿ ಸೊಂಟಕ್ಕಿಟ್ಟಳು. ಮೂವತ್ತೇಳು ಮನೆಗಳನ್ನು ದಾಟಿ ಕೊನೆಗೆ ಬಂದಳು. ಬಾಟಲಿಯ ಪಕ್ಕ ಠಣ್ ಎಂದು ಕೊಡ ಇಳಿಸಿದಳು.

“ಅಯ್ಯ ಹುಚ್ಚಿ!” ರಾಚವ್ವ ಹಣೆ ಬಡಿದುಕೊಂಡಳು. “ನಲವತ್ತು ವರ್ಷದ ನಂಬರ್ ಬಿಟ್ಟಳಲ್ಲವ್ವಾ!” ಬೈಯುವವಳ ಕಣ್ಣು ನಗುತ್ತಿತ್ತು.

“ವಂದನಾ, ಎಲ್ಲರೂ ನೋಡ್ತಿದಾರೆ...” ಚಿನ್ಮಯ್ ಪಿಸುಗುಟ್ಟಿದ.

“ನೋಡ್ಲಿ.” ಅವಳು ತಲೆ ಎತ್ತಿದಳು. “ನಿಮ್ಮನ್ನ ಕೇಳದೆ ತಪ್ಪು ತಿಳಕೊಂಡೆ. ಅದು ನನ್ನ ತಪ್ಪು. ನೀವಂದ್ರ ನನಗ ಜೀವ. ಇದು ತಪ್ಪಲ್ಲ.”

ನಳ ಗೊರಗೊರ ಸದ್ದು ಮಾಡಿತು. ನೀರು ಬಂತು. ಪಾಳಿ ಒಂದು ಹೆಜ್ಜೆ ಮುಂದೆ ಸರಿಯಿತು. ಇಬ್ಬರೂ ಬಗ್ಗಿ ಕೊಡವನ್ನೂ ಬಾಟಲಿಯನ್ನೂ ಒಟ್ಟಿಗೆ ಮುಂದೆ ಸರಿಸಿದರು.

“ಕೊನೇ ನಂಬರಿಗೆ ನೀರು ಸಿಗದಿದ್ರೆ?”

“ನಾಳೆ ಮತ್ತ ಬರ್ರಿ.”

“ನಾಳೆನೂ ಸಿಗದಿದ್ರೆ?”

“ನಾಡಿದ್ದು ಬರ್ರಿ...” ವಂದನಾ ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟು ನಕ್ಕಳು. “ನೀವು ಬರೂತನಕ ನಿಮ್ಮ ಪಾಳಿ ನಾ ಹಿಡೀತೀನಿ.”